ಸೇತುವೆಯ ಆಚೆಗಿನ ವಿಳಾಸ

"ಮಾರಿಟ್, ಆ ಫೋನ್ ಇಡು. ಈಗಲೇ."

ಮೇಲ್ವಿಚಾರಕಿ ಲೋನಾಳ ಮಾತಿಗೆ, ಫೋನಿನಲ್ಲೇ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ಮಾರಿಟ್ ದಂಗಾದಳು. ಲೈನಿನಲ್ಲಿ ಸೌತ್ ಡಕೋಟಾದ ಎಡ್ನಾ ಅಜ್ಜಿ ಏದುಸಿರು ಬಿಡುತ್ತಾ ಮಾತ್ರೆಗಳ ಹೆಸರು ಓದುತ್ತಿದ್ದರು.

"ಅಜ್ಜಿಗೆ ಉಸಿರು ಕಟ್ತಿದೆ, ಲೋನಾ..."

"ಬೇರೆ ನರ್ಸ್ ನೋಡ್ಕೋತಾಳೆ. ನೀನು ಮಿನ್ನೆಸೋಟಾಗೆ ಮನೆ ಬದಲಾಯಿಸಿದ್ದೀಯ. ಒಂದೇ ಲೈಸೆನ್ಸ್ ಹಲವು ರಾಜ್ಯಗಳಲ್ಲಿ ನಡೆಯೋ ನರ್ಸ್‌ಗಳ ಒಪ್ಪಂದದಲ್ಲಿ ಆ ರಾಜ್ಯವೇ ಇಲ್ಲ. ನಿನ್ನ ಲೈಸೆನ್ಸ್ ಈಗ ನಾರ್ತ್ ಡಕೋಟಾಕ್ಕೆ ಮಾತ್ರ."

ನಾರ್ತ್ ಡಕೋಟಾದ ಫಾರ್ಗೋ ಬಿಟ್ಟು ಮಾರಿಟ್ ಹೋದದ್ದು ಸೇತುವೆಯಾಚೆಗಿರುವ ಮಿನ್ನೆಸೋಟಾದ ಮೂರ್‌ಹೆಡ್‌ಗೆ, ಮುಂದಿನ ತಿಂಗಳು ಮದುವೆಯಾಗಲಿರುವ ಆರ್ಲೆನ್‌ನ ಮನೆಗೆ. ಎಂಟು ನಿಮಿಷದ ದಾರಿ. ಅಷ್ಟಕ್ಕೇ ನಲವತ್ತು ರಾಜ್ಯಗಳ ರೋಗಿಗಳು ಕೈತಪ್ಪಿದರೇ?

"ಶುಕ್ರವಾರದೊಳಗೆ ಈ ಕಡೆ ಮನೆ ತೋರಿಸು. ಇಲ್ಲಾಂದ್ರೆ ನಿನ್ನ ಕುರ್ಚಿ ಬೇರೆಯವರಿಗೆ," ಅಂದಳು ಲೋನಾ.

ಮನೆಗೆ ಬಂದವಳೇ ಆರ್ಲೆನ್ ಮೇಲೆ ಹರಿಹಾಯ್ದಳು.

"ವಿಳಾಸ ಬದಲಾಯಿಸು ಅಂತ ಪ್ರಾಣ ತಿಂದವನು ನೀನೇ! ನಾನು ಕೆಲಸ ಬಿಟ್ಟು ನಿನ್ನ ಬೀಟ್‌ರೂಟ್ ಹೊಲ ಕಾಯ್ಬೇಕು ಅಂತ ತಾನೇ?"

ಅವನು ಟೋಪಿ ತೆಗೆದುಕೊಂಡು ಹೊರಟೇ ಹೋದ. ಎರಡು ದಿನ ಫೋನೂ ಎತ್ತಲಿಲ್ಲ.

'ಒಂದು ಮಾತೂ ಆಡದೆ ಹೋದನಲ್ಲ... ಇವನಿಗಾಗಿಯಾ ನಾನು ಎಲ್ಲ ಬಿಟ್ಟು ಬಂದಿದ್ದು?'

ಗುರುವಾರ ಅಂಗಳದಲ್ಲಿ ಟ್ರಕ್ ಬಂದು ನಿಂತಿತು. ಹೆಂಡತಿ ಸಮೇತ ಬಂದಿದ್ದ ಆರ್ಲೆನ್‌ನ ತಮ್ಮ ಮಂಚ ಇಳಿಸುತ್ತಿದ್ದ. ಮಾರಿಟ್ ಹೊರಗೆ ಓಡಿ ಬಂದಳು.

"ಇದೇನು?"

"ಅಣ್ಣ ಹೇಳಿಲ್ವಾ ಅತ್ತಿಗೆ? ಈ ಮನೆ ಇನ್ನು ನಮಗೆ. ಅವನು ಫಾರ್ಗೋದಲ್ಲಿ ಮನೆ ಹಿಡಿದಿದ್ದಾನೆ." ವಿಳಾಸದ ಚೀಟಿ ಅವಳ ಕೈಗಿಟ್ಟ.

ಅವಳು ಕಾರು ಹೇಗೆ ಓಡಿಸಿದಳೋ ಅವಳಿಗೇ ಗೊತ್ತಿಲ್ಲ. ಆ ಬಾಡಿಗೆ ಮನೆಯ ಬಾಗಿಲಲ್ಲಿ ಆರ್ಲೆನ್ ಮೈಯೆಲ್ಲ ಸುಣ್ಣ ಮಾಡಿಕೊಂಡು ನಿಂತಿದ್ದ. ಕರಾರುಪತ್ರ ಚಾಚಿದ. ಅದರಲ್ಲಿ ಇಬ್ಬರ ಹೆಸರೂ ಇತ್ತು.

"ಅದು ನಿನ್ನ ಅಜ್ಜ ಕಟ್ಟಿದ ಮನೆ, ಆರ್ಲೆನ್..."

"ಹೊಲ ಎಲ್ಲೂ ಹೋಗಲ್ಲ. ಬೆಳಿಗ್ಗೆ ನಾನೇ ಸೇತುವೆ ದಾಟ್ತೀನಿ. ಹೊಲಕ್ಕೆ ಹೋಗೋಕೆ ನನ್ನ ಹತ್ರ ಯಾರೂ ಲೈಸೆನ್ಸ್ ಕೇಳಲ್ಲ."

ಅಷ್ಟು ಕಠೋರವಾಗಿ ಬೈದೆನಲ್ಲ ಎಂದು ಮಾರಿಟ್‌ಳ ಕಣ್ಣು ತುಂಬಿ ಬಂತು.

"ಫೋನ್ ಯಾಕೆ ಎತ್ತಲಿಲ್ಲ?"

"ಎತ್ತಿದ್ರೆ ನೀನು ಬೇಡ ಅಂತಿದ್ದೆ. ನೀನು ಬೇಡ ಅಂದ್ರೆ ನಾನು ಸುಮ್ಮನಾಗಿಬಿಡ್ತೀನಿ."

"ಈಗ ಬೇಡ ಅನ್ನಲ್ಲ," ಎಂದು ಅವನ ಸುಣ್ಣದ ಅಂಗಿಗೆ ಮುಖ ಒತ್ತಿದಳು.