ಅವನ ಬೆನ್ನ ಹಿಂದೆ ಸುರಿದ ನೀರು

ನೆವೆನಾ ಬೂಟುಗಳಿಗೆ ಮೆತ್ತಿದ್ದ ಕೆಸರನ್ನು ಮೊಂಡು ಚಾಕುವಿನಿಂದ ಕೆರೆಯುತ್ತಿದ್ದಳು. ಫುಟ್‌ಬಾಲ್ ಕ್ಲಬ್ಬಿನ ಆ ಹಿಂದಿನ ಕೋಣೆಯಲ್ಲಿ ಅದೊಂದೇ ಸದ್ದು.

ಬಾಗಿಲು ತೆರೆಯಿತು. ಚೌಕಟ್ಟಿಗೆ ತಾಗದಂತೆ ತಲೆ ತಗ್ಗಿಸಿ ಒಬ್ಬ ಎತ್ತರದ ಯುವಕ ಒಳಗೆ ಬಂದ. ಜಾಂಬಿಯಾ ದೇಶದ ಹೊಸ ಡಿಫೆಂಡರ್, ಮುಸೊಂಡಾ!

ಅವನು ಅವಳ ಎದುರು ನೆಲದ ಮೇಲೆ ಕುಳಿತು, ರಾಶಿಯಿಂದ ತನ್ನ ಬೂಟುಗಳನ್ನು ಹುಡುಕಿ, ತಾನೇ ಕೆರೆಯತೊಡಗಿದ.

ಅವಳ ಕೈ ನಿಂತೇ ಹೋಯಿತು.

“ಏಯ್, ಏಳಪ್ಪಾ ಮೇಲೆ!” ಬಟ್ಟೆ, ಬೂಟು ನೋಡಿಕೊಳ್ಳುವ ಮುದುಕ ಸ್ಟಾಮೆನ್ ಬಾಗಿಲಿನಿಂದಲೇ ಗದರಿದ. “ನೀನೇ ಉಜ್ಜಿಕೊಂಡ್ರೆ ನಮಗ್ಯಾರು ಸಂಬಳ ಕೊಡ್ತಾರೆ?”

“ನನ್ನ ಕೆಸರು,” ಮುಸೊಂಡಾ ತನಗೆ ಬರುತ್ತಿದ್ದ ನಾಲ್ಕಾರು ಬಲ್ಗೇರಿಯನ್ ಪದಗಳನ್ನು ತಡಕಾಡಿದ. “ನಾನು... ತೆಗೆ.”

ನೆವೆನಾ ನಕ್ಕುಬಿಟ್ಟಳು. ಅಪರಿಚಿತರೆದುರು ಅವಳು ಎಂದೂ ನಕ್ಕವಳಲ್ಲ!

ಆ ಚಳಿಗಾಲ ಡ್ಯಾನ್ಯೂಬ್ ನದಿಯ ಮಂಜು ಲೋಮ್ ಪಟ್ಟಣವನ್ನೇ ನುಂಗಿತ್ತು. ಒಂದು ಮಧ್ಯಾಹ್ನ ಅವಳು ಡಬ್ಬಿ ತೆರೆದು ಕಾಚಮಾಕ್ ತಿನ್ನುತ್ತಿದ್ದಳು. ಮೆಕ್ಕೆಜೋಳದ ಹಿಟ್ಟಿನ ಬಿಸಿ ಮುದ್ದೆ, ಮೇಲೆ ಕುರಿಹಾಲಿನ ಚೀಸ್. ಮುಸೊಂಡಾ ಬಗ್ಗಿ ನೋಡಿದವನೇ ಚಮಚವನ್ನು ಪಕ್ಕಕ್ಕಿಟ್ಟು, ಬೆರಳುಗಳಲ್ಲಿ ಒಂದು ತುತ್ತು ಉಂಡೆ ಮಾಡಿ ಬಾಯಿಗಿಟ್ಟುಕೊಂಡ. ಅವನ ಕಣ್ಣು ತುಂಬಿ ಬಂತು.

“ನಮ್ಮ ಅಮ್ಮ... ಇದೇ! ಇದೇ!”

“ಅಲ್ಲಯ್ಯಾ, ಕಾಚಮಾಕ್ ತಿನ್ನೋಕೆ ಅಷ್ಟು ದೂರದಿಂದ ಬಂದ್ಯಾ?” ಎಂದು ಸ್ಟಾಮೆನ್ ರೇಗಿಸಿದ.

ಮರುದಿನದಿಂದ ಡಬ್ಬಿ ದೊಡ್ಡದಾಯಿತು. ಅವಳು ಪದ ಕಲಿಸಿದಳು, ಅವನು ತಪ್ಪು ಹೇಳಿ ನಗಿಸಿದ. ‘ಇವನು ಪಕ್ಕದಲ್ಲಿದ್ದರೆ ನನಗೆ ಯಾಕೆ ಭಯವೇ ಆಗಲ್ಲ?’ ಎಂದು ಅವಳು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ವಸಂತದಲ್ಲಿ ದೊಡ್ಡ ಪಂದ್ಯವೊಂದಕ್ಕೆ ತಂಡ ಬೇರೆ ಊರಿಗೆ ಹೊರಟಿತು. ಮುಸೊಂಡಾ ಬಸ್ಸಿನ ಕಡೆ ನಡೆಯುತ್ತಿದ್ದಾಗ ನೆವೆನಾ ಹೂಜಿ ಹಿಡಿದು ಓಡಿಬಂದು, ಅವನ ಬೆನ್ನ ಹಿಂದೆ ನೀರು ಸುರಿದಳು. ಸೈನ್ಯಕ್ಕೆ ಹೊರಟ ತಾತನ ಹಿಂದೆ ಅವಳ ಅಜ್ಜಿಯೂ ಹೀಗೆಯೇ ಸುರಿದಿದ್ದಳು.

ಅವನು ತಿರುಗಿದ. ಒದ್ದೆಯಾದ ಹಿಮ್ಮಡಿ ನೋಡಿದ. ಹೂಜಿ ನೋಡಿದ. ಅವನ ಮುಖ ಬಾಡಿತು.

“ನೀನೂನಾ?”

ಏನು ತಪ್ಪಾಯಿತು? ಅವಳಿಗೆ ತಿಳಿಯಲಿಲ್ಲ. ಕೇಳೋಣವೆಂದರೆ ನಾಲಿಗೆ ಏಳಲಿಲ್ಲ... ಬಸ್ಸು ಹೊರಟೇಹೋಯಿತು!

ಆಮೇಲೆ ಅವನು ಆ ಕೋಣೆಯತ್ತ ಸುಳಿಯಲಿಲ್ಲ. ಡಬ್ಬಿಯ ಅರ್ಧ ಊಟ ಹಾಗೆಯೇ ಉಳಿಯತೊಡಗಿತು.

ಕೊನೆಯ ಪಂದ್ಯ ಬಂತು. ಗೆದ್ದರೆ ತಂಡ ಮೇಲಿನ ಲೀಗಿಗೆ ಏರುತ್ತದೆ. ಹಿಂದಿನ ದಿನ ಸ್ಟಾಮೆನ್ ಅವಳ ಪಕ್ಕ ಬಂದು ಕುಳಿತ.

“ಮುಸೊಂಡಾ ಹೊರಟ ಕಣಮ್ಮಾ. ಗ್ರೀಸಿನ ಕ್ಲಬ್ಬಿನವರು ಕರೆದಿದ್ದಾರೆ. ನಾಳೆ ಆಟ ಮುಗಿದ ಮೇಲೆ ಒಪ್ಕೊಂಡ್ಬಿಡ್ತಾನಂತೆ.”

ಅವಳ ಕೈಯಲ್ಲಿದ್ದ ಜೆರ್ಸಿ ಜಾರಿಬಿತ್ತು.

“ಯಾಕೋ ಅಂತ ಕೇಳ್ದೆ. ಮೊದಲು ಬೇರೆ ದೇಶದಲ್ಲಿ ಆಡ್ತಿದ್ದಾಗ ಇವನು ಮೆಟ್ಟಿಲು ಇಳಿದ್ರೆ ಸಾಕು, ಮನೆ ಒಡತಿ ಹಿಂದೇನೇ ನೀರು ಸುರಿದು ತೊಳೀತಿದ್ಳಂತೆ. ಇವನು ತುಳಿದ ಜಾಗ ಗಲೀಜು ಅಂತ! ನೀನೂ ಹಾಗೇ ಮಾಡ್ದೆ ಅಂದ್ಕೊಂಡಿದ್ದಾನೆ.”

“ಅಯ್ಯೋ... ಮಾಮ!”

“ಅಳಬೇಡ. ನಾನು ಹೇಳ್ಲಾ ಅವನಿಗೆ?”

ನೆವೆನಾ ಕಣ್ಣೊರೆಸಿಕೊಂಡಳು. “ಬೇಡ ಮಾಮ. ಸುರಿದವಳು ನಾನು. ನಾನೇ ಹೇಳ್ತೀನಿ.”

ಮರುದಿನ ಆಟಗಾರರು ಮೈದಾನಕ್ಕಿಳಿಯುವ ಓಣಿಯಲ್ಲಿ ಸಾಲಾಗಿ ನಿಂತಿದ್ದರು. ಸಾಲಿನ ಕೊನೆಯಲ್ಲಿ ಮುಸೊಂಡಾ. ನೆವೆನಾ ಹೂಜಿ ಹಿಡಿದು ಬಂದಳು. ಎಲ್ಲರೂ ನೋಡುತ್ತಿದ್ದರು. ನೋಡಲಿ!

“ಮುಸೊಂಡಾ!”

ಅವಳು ಅವನ ಹಿಂದೆ ನಿಧಾನವಾಗಿ ನೀರು ಸುರಿದಳು.

“ಇದು ತೊಳೆಯೋಕಲ್ಲ! ಇಷ್ಟವಾದವರು ಹೊರಟಾಗ ನಾವು ಸುರೀತೀವಿ. ಹೋದ ಕೆಲಸ ನೀರು ಹರಿದ ಹಾಗೆ ಸಲೀಸಾಗಲಿ ಅಂತ... ಹೋದವರು ತಿರುಗಿ ಬರಲಿ ಅಂತ!”

“ನಂಗೂ ಸ್ವಲ್ಪ ಸುರಿಯೇ!” ಗೋಲ್‌ಕೀಪರ್ ಕೂಗಿದ.

“ನಿಂಗ್ಯಾಕೋ? ನಿನ್ನ ಕೈ ಮೊದಲೇ ಜಾರುತ್ತೆ!” ಎಂದ ನಾಯಕ. ಓಣಿಯೆಲ್ಲ ನಗು.

ಮುಸೊಂಡಾ ನಗಲಿಲ್ಲ. “ಇಷ್ಟವಾದವರು?” ಎಂದು ಮೆಲ್ಲಗೆ ಕೇಳಿದ.

ಅವಳು ಉತ್ತರಿಸುವಷ್ಟರಲ್ಲಿ ಸಾಲು ಹೊರಟುಹೋಯಿತು.

ಅಂದು ಅವನು ಆಡಿದ ಆಟ! ಎದುರಾಳಿಗಳು ಬಂದು ಬಂದು ಅವನಿಗೆ ಬಡಿದು ಹಿಂದಿರುಗಿದರು. ಒಂದು ಗೋಲಿನಿಂದ ತಂಡ ಮುಂದಿತ್ತು. ಆಟ ಮುಗಿಯುವ ಹೊತ್ತಿಗೆ ಚೆಂಡು ಗೋಲ್‌ಕೀಪರನನ್ನು ದಾಟಿ ಖಾಲಿ ಗೋಲಿನತ್ತ ಉರುಳಿತು... ಜನ ಉಸಿರು ಹಿಡಿದರು... ಎಲ್ಲಿದ್ದನೋ ಮುಸೊಂಡಾ! ಕೆಸರಿನಲ್ಲಿ ಉದ್ದಕ್ಕೆ ಜಾರಿ ಬಂದು, ಗೆರೆಯ ಮೇಲಿನಿಂದ ಚೆಂಡನ್ನು ಹೊರಗೆ ಒದ್ದ!

ಕೊನೆಯ ಸೀಟಿ ಮೊಳಗಿತು. ಊರಿಗೆ ಊರೇ ಅವನ ಹೆಸರು ಹಿಡಿದು ಕೂಗಿತು. ಅದರಲ್ಲಿ ನೆವೆನಾಳ ದನಿಯೂ ಇತ್ತು. ಎಲ್ಲರಿಗಿಂತ ಜೋರಾಗಿತ್ತು!

ಕೋಣೆಗೆ ಅವನು ಕೆಸರು ಮೆತ್ತಿದ ಮೈಯಲ್ಲೇ ಬಂದ.

“ನಾನು ದಡ್ಡ, ನೆವೆನಾ.”

“ನಾನು ಬಾಯಿ ಸತ್ತವಳು.” ಅವಳು ತಲೆ ಎತ್ತಿದಳು. “ಗ್ರೀಸಿಗೆ... ಯಾವಾಗ ಹೊರಡೋದು?”

“ಅವರಿಗೆ ಬರಲ್ಲ ಅಂದೆ. ಇಲ್ಲೇ ಆಡ್ತೀನಿ.”

“ನನಗೋಸ್ಕರನಾ?”

“ಎಷ್ಟೋ ಊರಲ್ಲಿ ಜನ ನನಗೆ ಹೋಗು ಅಂದಿದ್ದಾರೆ. ತಿರುಗಿ ಬಾ ಅಂದಿದ್ದು ನೀನೊಬ್ಬಳೇ.” ಅವನು ಒಂದು ಹೆಜ್ಜೆ ಹತ್ತಿರ ಬಂದ. “ಇಷ್ಟ ಅಂದೆಯಲ್ಲ... ಎಷ್ಟು?”

“ನಿನಗೆ ಬರೋ ಪದಗಳಲ್ಲಿ ಹೇಳೋಕಾಗಲ್ಲ.”

“ಹಾಗಾದ್ರೆ ಕಲಿಸು.”

ಅವಳು ಅವನ ಕೆಸರಾದ ಎದೆಗೆ ಹಣೆ ಒತ್ತಿದಳು. ಅವನ ತೋಳುಗಳು ಅವಳನ್ನು ಸುತ್ತಿಕೊಂಡವು.

ಹೊರಗಿನಿಂದ ಸ್ಟಾಮೆನ್ ಬಾಗಿಲು ತಟ್ಟಿದ.

“ನೆವೆನಾ! ಈ ಹುಡುಗರು ನನ್ನ ತಲೆ ಮೇಲೆ ಬಿಯರ್ ಸುರಿದುಬಿಟ್ರು. ಒಂದು ಒಣ ಟವೆಲ್ ಕೊಡಮ್ಮಾ!”