ಸೊಟ್ಟ ನಾಣ್ಯ

ಜರ್ಮನಿಯ ಕತ್ತಿಗಳ ಊರು ಝೋಲಿಂಗನ್ನಿನಲ್ಲಿ ಹಳೆಯ ಪೊಲೀಸ್ ಕತ್ತಿಗಳನ್ನು ಕೂಡಿಡುವ ಹುಚ್ಚು ನನ್ನದು. ಪಕ್ಕದ ಬೀದಿಯ ಮುದುಕಿ ಹೈಡ್ರುನ್ ಪೊಲೀಸನಾಗಿದ್ದ ತನ್ನಪ್ಪನ ಕತ್ತಿ ತೋರಿಸಿದಾಗ, ಅಸಲಿಯೆಂದು ಗೊತ್ತಿದ್ದೂ, "ನಕಲಿ ಅಜ್ಜೀ, ಸುಮ್ನೆ ನಂಗೆ ಕೊಟ್ಬಿಡಿ," ಎಂದೆ.

"ಕತ್ತಿ ಬಿಟ್ಟಿ ಕೊಟ್ರೆ ಸ್ನೇಹ ಕಡಿಯುತ್ತೆ. ಒಂದು ಸೆಂಟ್ ನಾಣ್ಯನಾದ್ರೂ ಕೊಡಿ," ಎಂದು ನಕ್ಕಳು. ಜೇಬಿನಲ್ಲಿದ್ದ ಸೊಟ್ಟ ನಾಣ್ಯ ಕೊಟ್ಟೆ.

ಮರುದಿನ ಬೆಳಿಗ್ಗೆ, ನಾನೇ ಬೀಗ ಹಾಕಿದ್ದ ಕಪಾಟಿನಲ್ಲಿ, ಕತ್ತಿಯ ಪಕ್ಕ ಅದೇ ಸೊಟ್ಟ ನಾಣ್ಯವಿತ್ತು. ಯಾರೋ ಅಂಗೈಯಲ್ಲಿ ಹಿಡಿದಿದ್ದಂತೆ ಬೆಚ್ಚಗಿತ್ತು.

ಅದನ್ನು ಹಿಡಿದು ಅವಳ ಮನೆಗೆ ಓಡಿದೆ. ಅವಳು ಅಂಗಿ ಗುಂಡಿಗಳ ಡಬ್ಬಿ ತೆರೆದಳು. ನಾನು ಕೊಟ್ಟ ನಾಣ್ಯ ಅಲ್ಲೇ ಇತ್ತು.

"ನಕಲಿಗೆ ಯಾರಾದ್ರೂ ಎರಡೆರಡು ಸಲ ದುಡ್ಡು ಕೊಡ್ತಾರಾ?" ಎಂದಳು.

ಆಗಲೂ ಅಸಲಿಯೆಂದು ಒಪ್ಪಿಕೊಳ್ಳದೆ, ಕೈಲಿದ್ದ ನಾಣ್ಯವನ್ನೂ ಡಬ್ಬಿಗೆ ಹಾಕಿ ತಲೆ ತಗ್ಗಿಸಿ ಬಂದೆ.

ಮೊನ್ನೆ ಅವಳು ತೀರಿಕೊಂಡಳು. ಇವತ್ತು ಬೆಳಿಗ್ಗೆ ಕಪಾಟಿನಲ್ಲಿ ಎರಡು ಸೊಟ್ಟ ನಾಣ್ಯಗಳಿದ್ದವು. ಒಂದೇ ಬೆಚ್ಚಗಿತ್ತು; ಇನ್ನೊಂದು ಸತ್ತವಳ ಅಂಗೈಯಂತೆ ತಣ್ಣಗಿತ್ತು.