ತೊಡೆಯ ಮೇಲಿದ್ದ ಸುತ್ತಿಗೆ

ಇದನ್ನು ಯಾರೂ ನಂಬುವುದಿಲ್ಲ. ನಂಬಿಸುವ ತ್ರಾಣವೂ ನನಗೆ ಉಳಿದಿಲ್ಲ.

೧೯೩೬ರ ಬೇಸಿಗೆಯಲ್ಲಿ ಇಂಟರ್ ಪರೀಕ್ಷೆ ಮುಗಿಸಿ ನಾನೂ ಗೆಳೆಯ ತ್ರ್ಯಂಬಕನೂ ಧಾರವಾಡದಿಂದ ಕಲಘಟಗಿಯ ಕಾಡಿಗೆ ರಜೆಯ ಕೆಲಸಕ್ಕೆ ಹೋಗಿದ್ದೆವು. ಕಡಿಯಬೇಕಾದ ಸಾಗವಾನಿ ಮರಗಳ ತೊಗಟೆಯನ್ನು ಅವನು ಕೊಡಲಿಯಿಂದ ಕೆತ್ತುತ್ತ ಮುಂದೆ ಹೋಗಬೇಕು. ನಾನು ಹಿಂದಿನಿಂದ ಬಂದು, ಕೆತ್ತಿದಲ್ಲಿ ಅರಣ್ಯ ಇಲಾಖೆಯ ದುಂಡು ಮುದ್ರೆಯ ಸುತ್ತಿಗೆ ಬಡಿಯಬೇಕು.

ಕಾಡು ಕಾಯುವ ಸಿದ್ದಪ್ಪ ಮೊದಲೇ ಹೇಳಿದ್ದ: “ದಣಿವಾದ್ರ ಇಬ್ರೂ ಕೂಡೇ ಕುಂದರ್ರಿ. ಸುತ್ತಿಗಿ ನಿಂತಾಗ ಕೊಡ್ಲಿ ನಡೀಬಾರ್ದ್ರಿ.”

ಒಂದು ಮಧ್ಯಾಹ್ನ ನನ್ನ ತೋಳು ಸೋತುಹೋಯಿತು. ತ್ರ್ಯಂಬಕನನ್ನು ಕೂಗಲೂ ಬೇಸರವಾಗಿ, ಸುತ್ತಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮರಕ್ಕೆ ಒರಗಿ ಕುಳಿತೆ. ಮುಂದೆ ಕೊಡಲಿಯ ಸದ್ದು ಕೇಳುತ್ತಿತ್ತು. ಅದರ ಬೆನ್ನಿಗೇ ಧಪ್ ಎಂದು ಸುತ್ತಿಗೆಯ ಸದ್ದೂ ಕೇಳಿತು.

“ಸಾವಕಾಶ ಬಾರೋ, ಮಾರಾಯಾ! ಮೈಮ್ಯಾಲೇ ಬರ್ಲಿಕ್ಕತ್ತೀಯಲ್ಲ!” ಎಂದು ತ್ರ್ಯಂಬಕ ಒದರಿದ.

ಎದ್ದು ಓಡಿದೆ. ಕೆತ್ತಿದ ಮರಗಳ ಮೇಲೆಲ್ಲ ಮುದ್ರೆ ಬಿದ್ದಿತ್ತು. ಮುಟ್ಟಿದರೆ ಆ ಉರಿಬಿಸಿಲಿನಲ್ಲೂ ಬಾವಿಯೊಳಗಿನ ಕಲ್ಲಿನಂತೆ ತಣ್ಣಗಿತ್ತು. ಕೊನೆಯ ಮರದ ಬುಡದಲ್ಲಿ ತ್ರ್ಯಂಬಕ ಬೋರಲು ಬಿದ್ದಿದ್ದ.

“ನನಗ್ಯಾಕ ಬಡದ್ಯೋ?” ಎಂದ.

ಅವನ ಅಂಗಿ ಎತ್ತಿ ನೋಡಿದೆ. ಬೆನ್ನ ಮೇಲೆ ಅದೇ ದುಂಡು ಮುದ್ರೆ.

ಮುದ್ರೆ ಬಿದ್ದ ಮರಗಳನ್ನು ಮಳೆಗಾಲಕ್ಕೆ ಮೊದಲೇ ಕಡಿದು ಸಾಗಿಸಿದರು. ತ್ರ್ಯಂಬಕ ಈಗ ಸತ್ತೂರಿನಲ್ಲಿ ಮಾಸ್ತರನಾಗಿದ್ದಾನೆ. ಪ್ರತಿ ಬೇಸಿಗೆ ನಮ್ಮ ಮನೆಗೆ ಬಂದು, ಅಂಗಿ ಎತ್ತಿ, “ಹೋಗೇದೇನೋ, ನೋಡು” ಎನ್ನುತ್ತಾನೆ.

ಮುಟ್ಟಿ ನೋಡುತ್ತೇನೆ. ಬೆನ್ನೆಲ್ಲ ಬೆವರಿರುತ್ತದೆ. ಆ ದುಂಡಿನೊಳಗೆ ಮಾತ್ರ ಇನ್ನೂ ತಣ್ಣಗಿದೆ.